ಆಯ್ಕೆ ಪಟ್ಟಿಯ ಮೊದಲ ಸಾಲು

ಆತ್ಮೀಯ ವಿದ್ಯಾರ್ಥಿಗಳೇ, ಪಾಲಕರೇ,

ಪಿಯುಸಿ ಮುಗಿಸಿ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಸೇರುವವರಿಗೆ ಹೆಚ್ಚು ತೊಡಕಿಲ್ಲ. ಶಿರಸಿ, ಕುಮಟಾ, ಹೊನ್ನಾವರಗಳ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ವಿಶ್ವವಿದ್ಯಾಲಯ, ಕಾಲೇಜುಗಳ ಪ್ರವೇಶಕ್ಕಿರುವ ಸರ್ಕಾರದ ಯುಯುಸಿಎಂಎಸ್ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಅರ್ಜಿ ಹಾಕಿ, ಕಾಲೇಜಿನಲ್ಲಿ ದಾಖಲೆ ತೋರಿಸಿದರಾಯಿತು. ಗೊಂದಲವೆಲ್ಲ ಸಿಇಟಿ (ವೃತ್ತಿಪರ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಮೂಲಕ ಸೀಟು ಪಡೆಯುವವರಿಗೆ. ಹಾಗಾಗಿ ಇಂದು ಅದರ ಬಗ್ಗೆಯೇ ಮಾತನಾಡುತ್ತೇನೆ.

ಇಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಅಂಕಗಳಿಂದ ಅರ್ಧ, ಸಿಇಟಿ ಅಂಕಗಳಿಂದ ಅರ್ಧ ಪರಿಗಣನೆಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ರ್‍ಯಾಂಕು ಬಂದ ಮೇಲೆ ಆಯ್ಕೆ ಪಟ್ಟಿಯನ್ನು, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಬರೆಯುವ ಪಟ್ಟಿಯನ್ನು, ತುಂಬುವಾಗ ಮನೆಮಂದಿಯೆಲ್ಲ ತಡಬಡಾಯಿಸುತ್ತಾರೆ. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ರ್‍ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ, ಅರ್ಹತೆಯಿದ್ದು ಖಾಲಿಯಿರುವ ಮೊದಲ ಸೀಟನ್ನು ಕೊಟ್ಟು ಅಲ್ಲಿಗೇ ನಿಲ್ಲಿಸುತ್ತದೆ. ಆದ್ದರಿಂದ ಸಿಗಲಾರದೆಂದು ತೋರುವ ಕಾಲೇಜನ್ನು ಮೇಲೆ ಬರೆದರೆ ಕೆಳಗಿನ ಕಾಲೇಜಿನ ಅವಕಾಶ ಕೈತಪ್ಪುವುದಿಲ್ಲ. ಬೇಡದ್ದನ್ನು ಮೇಲೆ ಬರೆದರೆ ಮಾತ್ರ ಬೇಕಾದದ್ದು ತಪ್ಪುತ್ತದೆ.

ಉದಾಹರಣೆಗೆ, ಸಿದ್ದಾಪುರದ ಒಬ್ಬ ವಿದ್ಯಾರ್ಥಿನಿಗೆ ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲಿ ಓದುವ ಆಸೆಯಿದೆ, ಆದರೆ ನೆಂಟರಿಷ್ಟರ ಮಾತು ಕೇಳಿ ಪಟ್ಟಿಯ ತಲೆಗೆ ಕೃಷಿ ಕಾಲೇಜೊಂದನ್ನು ಹಾಕಿದ್ದಾಳೆ ಎಂದುಕೊಳ್ಳಿ. ಎರಡಕ್ಕೂ ರ್‍ಯಾಂಕು ಇದ್ದರೂ ಆದ್ಯತೆಯ ಪಟ್ಟಿ ಒಂದೇ. ಕೃಷಿ ಕಾಲೇಜಿನ ಸೀಟು ಸಿಕ್ಕಿತೆಂದರೆ, ಅರಣ್ಯಶಾಸ್ತ್ರಕ್ಕೆ ಎಷ್ಟೇ ಒಳ್ಳೆಯ ರ್‍ಯಾಂಕಿದ್ದರೂ ಕೆಳಗಿನ ಆ ಸಾಲನ್ನು ಕಂಪ್ಯೂಟರ್ ನೋಡುವುದೇ ಇಲ್ಲ. ನೆಂಟರ ಮಾತಿಗೆ ಪಟ್ಟಿಯಲ್ಲಿ ಜಾಗ ಕೊಡಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ದಾರಿಗಳಿರುತ್ತವೆ: ಸಿಕ್ಕಿದ್ದನ್ನು ಒಪ್ಪಿ ಸೇರುವುದು, ಸಿಕ್ಕಿದ್ದನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಇನ್ನೂ ಮೇಲಿನದಕ್ಕೆ ಕಾಯುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು. ಎರಡನೆಯದನ್ನು ಆರಿಸಿಕೊಂಡವರಿಗೆ ಮೇಲಿನ ಸೀಟು ಸಿಕ್ಕರೆ ಹಳೆಯದು ತಾನಾಗಿ ರದ್ದಾಗುತ್ತದೆ, ಅದನ್ನು ಮರಳಿ ಕೇಳುವಂತಿಲ್ಲ. ಶುಲ್ಕ ಮತ್ತು ಠೇವಣಿಯ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ವರ್ಷದ ಪ್ರಕಟಣೆಯನ್ನೇ ಓದಬೇಕು.

ದಾಖಲೆಗಳಲ್ಲಿ ನಮ್ಮ ಕಡೆಯವರು ಹೆಚ್ಚಾಗಿ ಎಡವುವುದು ಗ್ರಾಮೀಣ ಮೀಸಲಾತಿಯಲ್ಲಿ. ಮನೆ ಹಳ್ಳಿಯಲ್ಲಿದ್ದರೆ ಸಾಲದು, 1ರಿಂದ 10ನೇ ತರಗತಿಯವರೆಗೂ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಊರ ಶಾಲೆ ಮುಗಿಸಿ ಹೈಸ್ಕೂಲಿಗೆ ಶಿರಸಿ ಪೇಟೆಗೆ ಬಂದವರಿಗೆ ಅದು ದಕ್ಕುವುದಿಲ್ಲ. ಜಾತಿ, ಆದಾಯದ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಪಡೆದು, ಅವುಗಳ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಸರಿಯಾಗಿ ನಮೂದಿಸಿ.

ಆಯ್ಕೆ ತುಂಬುವ ಕೆಲಸ ಸಾಮಾನ್ಯವಾಗಿ ಮಳೆಗಾಲದಲ್ಲೇ ಬರುತ್ತದೆ. ಆಗ ಘಟ್ಟದ ಮೇಲೆ ಕರೆಂಟು, ನೆಟ್‌ವರ್ಕು ಯಾವಾಗ ಕೈಕೊಡುತ್ತವೆಂದು ಹೇಳಲಾಗದು. ಕೊನೆಯ ದಿನಕ್ಕೆ ಕಾಯದೆ, ಪಟ್ಟಿಯನ್ನು ಮೊದಲು ಕಾಗದದ ಮೇಲೆ ಬರೆದಿಟ್ಟುಕೊಂಡು ತುಂಬಿ. ಅಣಕು ಹಂಚಿಕೆಯ (ನಿಜವಾದ ಹಂಚಿಕೆಗೆ ಮೊದಲು ಮಾಡಿ ತೋರಿಸುವ ಪ್ರಾಯೋಗಿಕ ಹಂಚಿಕೆ) ಫಲಿತಾಂಶ ನೋಡಿದ ಮೇಲೆ ಸಾಲುಗಳನ್ನು ಅದಲುಬದಲು ಮಾಡಲು ಅವಕಾಶವಿರುತ್ತದೆ.