ಹೋಯ್ತು ಅಂದೆವು

ನಮಸ್ಕಾರ. ಇವತ್ತು ಒಂದೇ ಒಂದು ಶಬ್ದದ ಬಗ್ಗೆ ಮಾತಾಡುತ್ತೇನೆ. "ಹೋಯ್ತು."

ಆಗ ಐದು ತಿಂಗಳ ಬಸುರಿ ನಾನು. ಹುಬ್ಬಳ್ಳಿಗೆ ಹೋಗಿ ಶಿರಸಿಗೆ ವಾಪಸ್ ಬಂದಾಗ ಎಲ್ಲರಿಗೂ ಹೇಳಿದ್ದು ಅಷ್ಟೇ. ಹೋಯ್ತು. ಆದರೆ ಅದು ತಾನಾಗಿ ಹೋಗಿರಲಿಲ್ಲ. ನಾವು ತೆಗೆಸಿದ್ದೆವು.

20ನೇ ವಾರದ ಸ್ಕ್ಯಾನಿನಲ್ಲಿ ಗೊತ್ತಾಯಿತು, ಮಗುವಿಗೆ ಎರಡೂ ಕಿಡ್ನಿ ಇಲ್ಲ. ನಾಲ್ಕು ತಿಂಗಳಾದ ಮೇಲೆ ಗರ್ಭದೊಳಗಿನ ನೀರು ಬಹುಪಾಲು ಮಗುವಿನ ಮೂತ್ರವೇ. ಕಿಡ್ನಿ ಇಲ್ಲ ಅಂದರೆ ನೀರಿಲ್ಲ. ನೀರಿಲ್ಲದೆ ಶ್ವಾಸಕೋಶ ಬೆಳೆಯೋದಿಲ್ಲ. ಹುಟ್ಟಿದರೂ ಉಸಿರಾಡಲಿಕ್ಕೆ ಆಗೋದಿಲ್ಲ ಅಂದರು ಡಾಕ್ಟರು. ವಾಪಸ್ ಬರುವಾಗ ಮುಂಡಗೋಡ ದಾಟುವವರೆಗೂ ನಾವಿಬ್ಬರೂ ಮಾತಾಡಲಿಲ್ಲ.

ಕಾನೂನು ನಮ್ಮ ಪರವಾಗಿಯೇ ಇತ್ತು. 1971ರ ಎಂಟಿಪಿ ಕಾಯ್ದೆಗೆ, ಅಂದರೆ ಗರ್ಭಪಾತದ ಕಾನೂನಿಗೆ, 2021ರಲ್ಲಿ ತಿದ್ದುಪಡಿ ಆದ ಮೇಲೆ, ಮಗುವಿಗೆ ಗಂಭೀರ ತೊಂದರೆ ಇದ್ದರೆ ಇಬ್ಬರು ಡಾಕ್ಟರು ಒಪ್ಪಿದಾಗ 24 ವಾರದವರೆಗೆ ಅವಕಾಶ ಇದೆ. ಅದರಾಚೆಗೂ ಮೆಡಿಕಲ್ ಬೋರ್ಡ್ ಒಪ್ಪಿದರೆ ಆಗುತ್ತದೆ. 18 ತುಂಬಿದ ಹೆಣ್ಣಿನ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ ಬೇಡ. ಅದು ಹಾಗೇ ಇರಬೇಕು ಅನ್ನುವವಳು ನಾನು. ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರ ಆದಾಗ ಕಣ್ಣೆದುರು ಬರೋದೂ ನಾನು ಹಾಕಿದ ಆ ಸಹಿಯೇ.

ಮೂರನೇ ದಿನ ಎದೆಯಲ್ಲಿ ಹಾಲು ಬಂತು. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಕಲ್ಲಿನ ಹಾಗೆ ಗಟ್ಟಿ, ಮುಟ್ಟಿದರೆ ಉರಿ, ರವಿಕೆ ಒದ್ದೆ. ಹಾಲು ನಿಲ್ಲಿಸಲಿಕ್ಕೆ ಮಾತ್ರೆ ಇದೆ, ಡಾಕ್ಟರನ್ನು ಕೇಳಬಹುದು ಅಂತ ಆಮೇಲೆ ತಿಳಿಯಿತು. ಆಯಿ ಏನೂ ಮಾತಾಡದೆ ಪೇಟೆಗೆ ಹೋಗಿ ಭಟ್ಕಳ ಮಲ್ಲಿಗೆ ತಂದಳು. ದಂಡೆ ಬಿಚ್ಚಿ, ಬಟ್ಟೆಯಲ್ಲಿ ಹರಡಿ, ಎದೆಗೆ ಕಟ್ಟಿದಳು. ಹಿಂದಿನವರು ಹಾಲು ಇಂಗಿಸಲಿಕ್ಕೆ ಹೀಗೇ ಮಾಡುತ್ತಿದ್ದರಂತೆ. ಸೀಮಂತಕ್ಕೆ ಮುಡಿಸಬೇಕಿದ್ದ ಹೂವು ಅದು. ಎರಡು ದಿನ ಕೋಣೆ ತುಂಬ ಮಲ್ಲಿಗೆ ವಾಸನೆ. ಈಗಲೂ ಮದುವೆಮನೆಯಲ್ಲಿ ಆ ವಾಸನೆ ಬಂದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ನಾವೇ ತೆಗೆಸಿದ್ದು, ಹಾಗಾದರೆ ಅಳಲಿಕ್ಕೆ ನಮಗೇನು ಹಕ್ಕಿದೆ ಅನ್ನಿಸುತ್ತಿತ್ತು. ಊರಿನವರ ಪ್ರಶ್ನೆ ಬೇರೆ. ಹೆಣ್ಣು ಅಂತ ಗೊತ್ತಾಗಿತ್ತಾ? ಈ ಪ್ರಶ್ನೆಗೆ ಹೆದರಿಯೇ ಎಷ್ಟೋ ಜನ "ಹೋಯ್ತು" ಅನ್ನುತ್ತಾರೆ. ನಾನಾಗಿ ಬಾಯಿಬಿಟ್ಟ ಮೇಲೆ ಇಬ್ಬರು ಮೂವರು ನನ್ನ ಹತ್ತಿರ ಗುಟ್ಟಾಗಿ ಹೇಳಿಕೊಂಡಿದ್ದಾರೆ. ದಯವಿಟ್ಟು ಅಂಥವಳ ಹತ್ತಿರ ಕಾರಣ ಕೇಳಬೇಡಿ. ಊಟ ಮಾಡಿದೆಯಾ ಕೇಳಿ. ಬಿಸಿನೀರು ಕಾಯಿಸಿ ಕೊಡಿ. ಅವಳೂ ಬಾಣಂತಿಯೇ. ನೌಕರಿಯಲ್ಲಿದ್ದರೆ ಹೆರಿಗೆ ಸೌಲಭ್ಯದ ಕಾನೂನೇ ಅವಳಿಗೆ ಆರು ವಾರ ಸಂಬಳ ಸಹಿತ ರಜೆ ಕೊಡುತ್ತದೆ. ಕಾನೂನಿಗೆ ಇರುವಷ್ಟು ಕರುಣೆ ನಮ್ಮ ಜಗಲಿಗಳಲ್ಲೂ ಇರಬೇಕು, ಅಲ್ವಾ?

ಗಂಡಸರನ್ನಂತೂ ಯಾರೂ ಕೇಳೋದಿಲ್ಲ. ನಮ್ಮವರು ನಾಲ್ಕನೇ ದಿನ ತೋಟಕ್ಕೆ ಹೋದರು. ಎಲ್ಲರೂ "ಹೆಂಡತಿ ಹೇಗಿದ್ದಾಳೆ" ಅಂತ ಕೇಳಿದರು. ವರ್ಷ ಕಳೆದ ಮೇಲೆ ಪಹಣಿ ಹುಡುಕುವಾಗ ನೋಡಿದೆ. ಜಮೀನಿನ ಕಾಗದದ ಫೈಲಿನಲ್ಲಿ, ಎಲ್ಲಕ್ಕಿಂತ ಅಡಿಗೆ, ಆ ಸ್ಕ್ಯಾನ್ ಫೋಟೋ ಇತ್ತು. ಕಳೆಯಬಾರದ ಕಾಗದ ಇಡುವ ಜಾಗ ಅದು. ನಾನು ಹಾಗೇ ಇಟ್ಟುಬಿಟ್ಟೆ.

ರಾತ್ರಿ ತಡೆಯಲಿಕ್ಕೆ ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಅಜ್ಜಿ ಎಲೆ ಅಡಿಕೆ ಕವಳ ಹಾಕಲಿಕ್ಕೆ ನಮ್ಮ ಜಗಲಿಗೆ ಬಂದಿದ್ದರು. ಯಾವುದೋ ಮಾತಿಗೆ ನಾನು ಅಂದುಬಿಟ್ಟೆ: "ಅದು ಹೋಗಿದ್ದಲ್ಲ ಅಜ್ಜಿ. ನಾವೇ ತೆಗೆಸಿದ್ದು." ಅಜ್ಜಿ ಕವಳದ ತಟ್ಟೆ ಬದಿಗಿಟ್ಟರು. ಏನು, ಯಾಕೆ ಅಂತ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತು, ಕೇಳಿದ್ದು ಇಷ್ಟೇ.

"ಹಾಲು ಬಂದಿತ್ತಾ ತಂಗಿ?"