ಯಾರದೋ ಹೊಲ, ಎಲ್ಲರ ದಾರಿ: ಕಾಟ್ಸ್‌ವಲ್ಡ್ಸ್ ಹಳ್ಳಿಗಳಲ್ಲಿ ಒಂದು ಸುಲಭದ ನಡಿಗೆ

[ದೃಶ್ಯ: ಹುಲ್ಲುಗಾವಲಿನ ಅಂಚಿನಲ್ಲಿ ಮರದ ಗೇಟು. ಪಕ್ಕದ ಕಂಬದ ಮೇಲೆ ಹಳದಿ ಬಾಣ.]

ನಮಸ್ಕಾರ. ಈ ಗೇಟು ನೋಡಿ. ಹೋದ ವರ್ಷ ನನ್ನ ಅಮ್ಮ ಇದರ ಮುಂದೆ ನಿಂತುಬಿಟ್ಟಿದ್ದರು. ಒಳಗೆ ಬರಲು ಒಪ್ಪಲೇ ಇಲ್ಲ. "ಯಾರದೋ ಹೊಲ ಕಣೇ. ಹೇಳದೆ ಕೇಳದೆ ನುಗ್ಗಿದರೆ ಬೈಯೋದಿಲ್ವಾ?" ಅಂದರು. ಒಳಗೆ ಕುರಿಗಳು ಮೇಯುತ್ತಿದ್ದವು. ದೂರದಲ್ಲಿ ರೈತರ ಮನೆಯೊಂದು ಕಾಣುತ್ತಿತ್ತು. ಅಮ್ಮ ಹೇಳಿದ್ದು ಸರಿಯೇ. ಅದು ಯಾರದೋ ಹೊಲವೇ. ಆದರೆ ಅದರ ನಡುವೆ ಹಾದು ಹೋಗುವ ದಾರಿ ಎಲ್ಲರದು. ಆ ದಾರಿಯಲ್ಲಿ ಇವತ್ತು ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ.

[ದೃಶ್ಯ: ಹಳ್ಳಿಯ ನಡುವೆ ಹರಿಯುವ ತಿಳಿನೀರಿನ ಹೊಳೆ, ತಗ್ಗಾದ ಕಲ್ಲು ಸೇತುವೆಗಳು, ಜನಜಂಗುಳಿ.]

ಊರಿನ ಹೆಸರು ಬೋರ್ಟನ್-ಆನ್-ದ-ವಾಟರ್. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿದೆ. ಕಾಟ್ಸ್‌ವಲ್ಡ್ಸ್ ಅನ್ನುವ ಗುಡ್ಡದ ಸೀಮೆಯ ಹಳ್ಳಿ. ನಡುವೆ ವಿಂಡ್‌ರಶ್ ಅನ್ನುವ ಪುಟ್ಟ ನದಿ ಹರಿಯುತ್ತದೆ. ನೀರು ಎಷ್ಟು ತೆಳುವಾಗಿ ಹರಿಯುತ್ತದೆ ಅಂದರೆ, ಬೇಸಿಗೆಯಲ್ಲಿ ಮಕ್ಕಳು ಇಳಿದು ಆಡುತ್ತಾರೆ.

ಇಂಗ್ಲೆಂಡಿನಲ್ಲಿರುವ ಮಕ್ಕಳನ್ನು ನೋಡಲು ಬರುವ ನಮ್ಮ ಅಪ್ಪ-ಅಮ್ಮಂದಿರನ್ನು ಒಂದಲ್ಲ ಒಂದು ದಿನ ಇಂಥ ಊರಿಗೆ ಕರೆತರುತ್ತೇವೆ. ಸೇತುವೆ ಮೇಲೆ ಫೋಟೋ, ಒಂದು ಐಸ್‌ಕ್ರೀಮು, ವಾಪಸ್. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ದಯವಿಟ್ಟು ಹಾಗೆ ಮಾಡಬೇಡಿ. ಸೇತುವೆಯಿಂದ ಕಾಲು ಗಂಟೆ ನಡೆದರೆ ಸಾಕು, ಜನ ಕಡಿಮೆಯಾಗುತ್ತಾರೆ. ಕುರಿ ಕೂಗುವುದು ಕೇಳಿಸುತ್ತದೆ.

ನಾವು ಹೋಗುವುದು ಲೋವರ್ ಸ್ಲಾಟರ್, ಅಲ್ಲಿಂದ ಅಪ್ಪರ್ ಸ್ಲಾಟರ್. ಕೆಳ ಸ್ಲಾಟರ್, ಮೇಲಿನ ಸ್ಲಾಟರ್ ಅಂದುಕೊಳ್ಳಿ. ಹೆಸರು ಕೇಳಿ ಗಾಬರಿ ಆಗಬೇಡಿ. ಇಂಗ್ಲಿಷಿನಲ್ಲಿ ಈ ಪದಕ್ಕೆ ಈಗ ಕೊಲ್ಲುವುದು, ಕಡಿಯುವುದು ಅನ್ನುವ ಅರ್ಥ ಇದೆ ನಿಜ. ಆದರೆ ಊರಿನ ಹೆಸರು ಬಂದಿದ್ದು ಹಳೆಯ ಇಂಗ್ಲಿಷಿನ ಬೇರೆಯೇ ಪದದಿಂದ. ಅದಕ್ಕೆ ಕೆಸರಿನ ಜಾಗ ಅಂತ ಅರ್ಥ ಹೇಳುತ್ತಾರೆ. ಮಳೆ ಬಂದ ಮರುದಿನ ಇಲ್ಲಿ ನಡೆದು ನೋಡಿ, ಆ ಹೆಸರು ಯಾಕೆ ಅಂತ ನಿಮ್ಮ ಶೂಗಳೇ ಹೇಳುತ್ತವೆ!

ದೂರ ಜಾಸ್ತಿ ಇಲ್ಲ. ಬೋರ್ಟನ್‌ನಿಂದ ಲೋವರ್ ಸ್ಲಾಟರ್‌ಗೆ ಸುಮಾರು 2 ಕಿಲೋಮೀಟರ್. ಅಲ್ಲಿಂದ ಅಪ್ಪರ್ ಸ್ಲಾಟರ್‌ಗೆ ಇನ್ನೊಂದು ಒಂದೂವರೆ ಕಿಲೋಮೀಟರ್. ಹೋಗಿ ಬರಲು ಒಟ್ಟು 7 ಕಿಲೋಮೀಟರ್ ಆಸುಪಾಸು. ಅಷ್ಟು ಬೇಡ ಅಂದರೆ ಲೋವರ್ ಸ್ಲಾಟರ್‌ನಿಂದಲೇ ಹಿಂದಿರುಗಬಹುದು. ಅಲ್ಲಿಯವರೆಗೆ ದಾರಿ ಹೆಚ್ಚುಕಮ್ಮಿ ಸಮತಟ್ಟು.

[ದೃಶ್ಯ: ಕಾರುಗಳು ಓಡುವ ರಸ್ತೆ, ದಾಟಲು ಕಾಯುತ್ತಿರುವ ಇಬ್ಬರು.]

ಊರು ಬಿಟ್ಟ ಮೇಲೆ ಒಂದು ದೊಡ್ಡ ರಸ್ತೆ ದಾಟಬೇಕು. ಇಡೀ ನಡಿಗೆಯಲ್ಲಿ ನಿಜವಾಗಿ ಹುಷಾರಾಗಿರಬೇಕಾದ ಜಾಗ ಇದೊಂದೇ. ಕಾರುಗಳು ವೇಗವಾಗಿ ಬರುತ್ತವೆ. ಈ ರಸ್ತೆ ಇರುವುದು ರೋಮನ್ನರು ಹಾಕಿದ ಫಾಸ್ ವೇ ಮೇಲೆ. ನೈಋತ್ಯದ ಎಕ್ಸೆಟರ್‌ನಿಂದ ಲಿಂಕನ್‌ವರೆಗೆ ಹೋಗುತ್ತಿದ್ದ ದಾರಿ ಅದು. ಅದಕ್ಕೇ ಅಷ್ಟು ನೇರ.

ರಸ್ತೆ ದಾಟಿದರೆ ಹಸಿರು ಶುರು. ಇಲ್ಲಿ ಸ್ವಲ್ಪ ನಿಲ್ಲೋಣ. ಅಮ್ಮನ ಪ್ರಶ್ನೆಗೆ ಉತ್ತರ ಕೊಡಬೇಕಲ್ವಾ?

[ದೃಶ್ಯ: ಹಳದಿ ಬಾಣದ ಹತ್ತಿರದ ನೋಟ. ನಂತರ ನಕ್ಷೆಯ ಮೇಲೆ ಹಸಿರು ಚುಕ್ಕೆಗೆರೆಗಳು.]

ಇಂಗ್ಲೆಂಡಿನಲ್ಲಿ ಇಂಥ ದಾರಿಗಳಿಗೆ ಪಬ್ಲಿಕ್ ಫುಟ್‌ಪಾತ್ ಅನ್ನುತ್ತಾರೆ. ನಮ್ಮ ಊರುಗಳಲ್ಲಿ ಫುಟ್‌ಪಾತ್ ಅಂದರೆ ರಸ್ತೆ ಬದಿಯ ಕಲ್ಲುಹಾಸು. ಇಲ್ಲಿ ಹೊಲ, ಕಾಡು, ಕೆಲವೊಮ್ಮೆ ಯಾರದೋ ಮನೆಯ ಅಂಗಳವನ್ನೂ ಹಾದು ಹೋಗುವ ಕಾಲುದಾರಿ. ನೆಲ ರೈತರದು. ಅದರ ಮೇಲೆ ನಡೆಯುವ ಹಕ್ಕು ಸಾರ್ವಜನಿಕರದು. ಆ ಹಕ್ಕು ಕೇಳಲು ಇಲ್ಲಿನ ಪ್ರಜೆಯೇ ಆಗಿರಬೇಕಿಲ್ಲ. ನಿನ್ನೆ ವಿಮಾನ ಇಳಿದ ನಿಮ್ಮ ಅಮ್ಮನಿಗೂ ಅದು ಇದೆ.

ಮುಂಚೆ ಚರ್ಚಿಗೆ, ಹಿಟ್ಟಿನ ಗಿರಣಿಗೆ, ಕೂಲಿಗೆ, ಸಂತೆಗೆ ಜನ ಓಡಾಡಿದ ದಾರಿಗಳೇ ಇವುಗಳಲ್ಲಿ ಬಹುಪಾಲು. 1949ರಲ್ಲಿ ಒಂದು ಕಾನೂನು ಬಂತು. ಪ್ರತಿ ಕೌಂಟಿಯೂ ಇಂಥ ದಾರಿಗಳನ್ನು ಹುಡುಕಿ, ನಕ್ಷೆಯಲ್ಲಿ ಗುರುತು ಹಾಕಿ ದಾಖಲೆ ಮಾಡಬೇಕು ಅಂತ. ಒಮ್ಮೆ ಆ ನಕ್ಷೆಯಲ್ಲಿ ಬಂದರೆ ದಾರಿ ಗಟ್ಟಿ. ಹೊಲದ ಮಧ್ಯೆ ಹೋಗುವ ದಾರಿಯನ್ನು ರೈತ ಉಳುಮೆ ಮಾಡಿದರೆ, ಎರಡು ವಾರದೊಳಗೆ ಮತ್ತೆ ನಡೆಯುವ ಹಾಗೆ ಮಾಡಿಕೊಡಬೇಕು. ಕನಿಷ್ಠ 1 ಮೀಟರ್ ಅಗಲ ಇರಬೇಕು. ಬೆಳೆದು ನಿಂತ ಗೋಧಿಯ ನಡುವೆ ಬೈತಲೆ ತೆಗೆದ ಹಾಗೆ ದಾರಿ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈ ಕಾನೂನು ಸುಮ್ನೆ ಬಂದಿದ್ದಲ್ಲ. 1932ರ ಏಪ್ರಿಲ್ 24ರಂದು, ಇಲ್ಲಿಂದ ಉತ್ತರಕ್ಕಿರುವ ಡಾರ್ಬಿಶೈರ್‌ನ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನೂರಾರು ಜನ ಒಟ್ಟಾಗಿ ಹತ್ತಿದರು. ಬಹಳ ಜನ ಮ್ಯಾಂಚೆಸ್ಟರ್ ಕಡೆಯ ಕೆಲಸಗಾರರು. ವಾರವಿಡೀ ಕಾರ್ಖಾನೆಯ ಹೊಗೆ, ಭಾನುವಾರ ಒಂದು ದಿನ ಬಿಡುವು. ಆ ಬೆಟ್ಟವನ್ನು ಶ್ರೀಮಂತರು ಹಕ್ಕಿ ಬೇಟೆಗೆ ಅಂತ ಮೀಸಲಿಟ್ಟುಕೊಂಡಿದ್ದರು. ಗುಂಪಿನ ಮುಂದಾಳು ಬೆನ್ನಿ ರಾಥ್‌ಮನ್‌ಗೆ ಆಗ 20 ವರ್ಷ. ಅವರೂ ಸೇರಿ ಐದು ಜನ ಜೈಲಿಗೆ ಹೋದರು. ಬೆಟ್ಟದ ಮೇಲೆ ನಡೆಯಬೇಕು ಅಂದಿದ್ದಕ್ಕೆ ಶುರುವಾದ ಗಲಾಟೆ ಅದು! ಅದನ್ನು ಓದಿದ ಮೇಲೆ ಈ ಹಳದಿ ಬಾಣವನ್ನು ನಾನು ನೋಡುವ ರೀತಿಯೇ ಬೇರೆಯಾಯಿತು.

ಬಾಣದ ಬಣ್ಣ ನೆನಪಿಡಿ. ಹಳದಿ ಅಂದರೆ ನಡೆಯುವವರಿಗೆ ಮಾತ್ರ. ನೀಲಿ ಅಂದರೆ ಕುದುರೆ, ಸೈಕಲ್ ಕೂಡ ಬರಬಹುದು. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಈ ದಾರಿಗಳು ಹಸಿರು ಚುಕ್ಕೆಗೆರೆಗಳಾಗಿ ಕಾಣುತ್ತವೆ. ಅದರಲ್ಲಿ 4 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಫೋನಿನಲ್ಲೂ ಸಿಗುತ್ತದೆ. ಆದರೆ ಮೇಜಿನ ಮೇಲೆ ಕಾಗದದ ನಕ್ಷೆ ಹರಡಿಕೊಂಡು ನೋಡುವ ಸುಖವೇ ಬೇರೆ.

[ದೃಶ್ಯ: ಅರ್ಧಚಂದ್ರದ ಆಕಾರದ ಬೇಲಿಯೊಳಗೆ ಆಡುವ ಪುಟ್ಟ ಗೇಟು. ಒಬ್ಬೊಬ್ಬರೇ ದಾಟುತ್ತಾರೆ.]

ಇದಕ್ಕೆ ಕಿಸ್ಸಿಂಗ್ ಗೇಟ್ ಅಂತ ಹೆಸರು. ಗೇಟಿನ ಅಂಚು ಎರಡೂ ಕಡೆಯ ಕಂಬಕ್ಕೆ ಸುಮ್ಮನೆ ತಾಗುತ್ತದೆ, ಅದಕ್ಕೆ ಆ ಹೆಸರು. ಒಳಗೆ ಹೋಗಿ, ಪಕ್ಕಕ್ಕೆ ನಿಂತು, ಗೇಟನ್ನು ಹಿಂದಕ್ಕೆ ತಳ್ಳಿ, ಆಚೆ ಹೋಗುವುದು. ಮನುಷ್ಯ ದಾಟುತ್ತಾನೆ, ದನ-ಕುರಿ ದಾಟುವುದಿಲ್ಲ. ಅಮ್ಮ ಇದನ್ನು ನೋಡಿದ ಕೂಡಲೇ, "ಅಯ್ಯೋ, ಇದು ನಮ್ಮ ತಡಮೆ ಅಲ್ವಾ!" ಅಂದರು. ಅಮ್ಮ ಕರಾವಳಿಯವರು. ಅವರ ತವರಿನಲ್ಲಿ ಗದ್ದೆ-ತೋಟದ ಬೇಲಿಗೆ ತಡಮೆ ಇರುತ್ತಿತ್ತು. ಹತ್ತಿ ಇಳಿದರೆ ಆಯಿತು, ದನ ಒಳಗೆ ಬರುತ್ತಿರಲಿಲ್ಲ. ಇಲ್ಲೂ ಹಾಗೆ ಹತ್ತಿ ಇಳಿಯುವ ಮರದ ಮೆಟ್ಟಿಲು ಇದೆ, ಅದಕ್ಕೆ ಸ್ಟೈಲ್ ಅನ್ನುತ್ತಾರೆ. ಮಂಡಿ ನೋವು ಇರುವವರಿಗೆ ಸ್ಟೈಲ್ ಕಷ್ಟ. ಈ ದಾರಿಯನ್ನೇ ನಾನು ಆರಿಸಿಕೊಂಡಿದ್ದು ಅದಕ್ಕೇ. ಇಲ್ಲಿ ಗೇಟುಗಳೇ ಜಾಸ್ತಿ.

ತಡಮೆ ಕಂಡ ಮೇಲೆ ಅಮ್ಮನ ಅಂಜಿಕೆ ಹೋಯಿತು. ನನಗಿಂತ ಮುಂದೆ ನಡೆದರು.

[ದೃಶ್ಯ: ಲೋವರ್ ಸ್ಲಾಟರ್. ಜೇನು ಬಣ್ಣದ ಕಲ್ಲಿನ ಮನೆಗಳು, ಪುಟ್ಟ ಹೊಳೆ, ಗಿರಣಿಯ ಚಕ್ರ.]

ಲೋವರ್ ಸ್ಲಾಟರ್ ಬಂತು. ಹರಿಯುತ್ತಿರುವುದು ಐ ನದಿ. ನದಿ ಅನ್ನುವುದಕ್ಕಿಂತ ಹಳ್ಳ ಅನ್ನಿ. ಕೊನೆಯಲ್ಲಿ ಕಾಣುವುದು ನೀರಿನಿಂದ ತಿರುಗುತ್ತಿದ್ದ ಹಿಟ್ಟಿನ ಗಿರಣಿ. ಈಗಿನ ಕಟ್ಟಡ 19ನೇ ಶತಮಾನದ್ದು. ಆದರೆ ರಾಜ ಊರೂರಿನ ಆಸ್ತಿ ಲೆಕ್ಕ ಬರೆಸಿದ 1086ರ ಡೂಮ್ಸ್‌ಡೇ ದಾಖಲೆಯಲ್ಲೇ ಈ ಊರಿನ ಗಿರಣಿಯ ಮಾತು ಬರುತ್ತದೆ. ಎಲ್ಲಾ ಕಡೆ ಕಲ್ಲು, ಗಿರಣಿಯ ಚಿಮಣಿ ಮಾತ್ರ ಕೆಂಪು ಇಟ್ಟಿಗೆ. ಥಟ್ಟನೆ ಕಣ್ಣಿಗೆ ಬೀಳುತ್ತದೆ.

ಕಲ್ಲಿನ ಈ ಜೇನು ಬಣ್ಣ ಎಲ್ಲಿಂದ ಬಂತು? ಇದು ಸುಣ್ಣಕಲ್ಲು. 16 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಬೆಚ್ಚಗಿನ, ಆಳವಿಲ್ಲದ ಸಮುದ್ರ ಇತ್ತು. ಅದರ ತಳದಲ್ಲಿ ಕೂತ ಸುಣ್ಣ ಕಲ್ಲಾಯಿತು. ಅದರಲ್ಲಿರುವ ಕಬ್ಬಿಣದ ಅಂಶ ಈ ಬಣ್ಣ ಕೊಟ್ಟಿತು. ಹೊಲದ ಬದಿಯ ಗೋಡೆಗಳೂ ಇದೇ ಕಲ್ಲು. ಗಾರೆ ಇಲ್ಲ, ಸಿಮೆಂಟು ಇಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದು ಅಷ್ಟೇ. ಹತ್ತಿರ ಹೋಗಿ ನೋಡಿ, ಚಿಪ್ಪಿನ ಗುರುತು ಕಾಣಬಹುದು. ಹತ್ತಬೇಡಿ ಮಾತ್ರ. ಒಂದು ಕಲ್ಲು ಜಾರಿದರೆ ಪಕ್ಕದವೂ ಸಡಿಲವಾಗುತ್ತವೆ.

[ದೃಶ್ಯ: ಹುಲ್ಲುಗಾವಲಿನ ಮಧ್ಯೆ ಕಾಲುದಾರಿ. ನಂತರ ಅಪ್ಪರ್ ಸ್ಲಾಟರ್‌ನಲ್ಲಿ ರಸ್ತೆಯ ಮೇಲೆಯೇ ಹರಿಯುವ ನೀರು.]

ಮುಂದಿನ ಒಂದೂವರೆ ಕಿಲೋಮೀಟರ್ ನನಗೆ ತುಂಬಾ ಇಷ್ಟದ ಭಾಗ. ಹುಲ್ಲುಗಾವಲು, ಹೊಳೆ, ಕೊನೆಗೆ ಒಂಚೂರು ಏರು. ಅಪ್ಪರ್ ಸ್ಲಾಟರ್‌ನಲ್ಲಿ ಅಂಗಡಿಗಳ ಸಾಲು ಇಲ್ಲ, ಗದ್ದಲ ಇಲ್ಲ. ಚೌಕದ ಸುತ್ತ ಇರುವ ಪುಟ್ಟ ಮನೆಗಳನ್ನು 1906ರಲ್ಲಿ ಹೊಸದಾಗಿ ರೂಪಿಸಿದವರು ಎಡ್ವಿನ್ ಲಟ್ಯನ್ಸ್. ಹೌದು, ದೆಹಲಿಯ ರಾಷ್ಟ್ರಪತಿ ಭವನ ಕಟ್ಟಿದವರೇ.

ಆದರೆ ಈ ಊರು ನನ್ನ ಮನಸ್ಸಿನಲ್ಲಿ ಉಳಿದಿದ್ದು ಬೇರೆ ಕಾರಣಕ್ಕೆ. ಇಂಗ್ಲೆಂಡಿನ ಹೆಚ್ಚುಕಮ್ಮಿ ಯಾವ ಹಳ್ಳಿಗೆ ಹೋದರೂ ಮಹಾಯುದ್ಧಗಳಲ್ಲಿ ಸತ್ತವರ ಹೆಸರು ಕೆತ್ತಿದ ಒಂದು ಕಲ್ಲು ಇರುತ್ತದೆ. ಸಣ್ಣ ಊರಿನ ಕಲ್ಲಿನಲ್ಲೂ ಒಂದೇ ಮನೆತನದ ಎರಡು ಮೂರು ಹೆಸರು. ಅಪ್ಪರ್ ಸ್ಲಾಟರ್‌ನಲ್ಲಿ ಅಂಥ ಕಲ್ಲು ಇಲ್ಲ. ಮೊದಲನೆಯ ಯುದ್ಧಕ್ಕೆ ಹೋದವರೆಲ್ಲ ಮರಳಿ ಬಂದರು. ಎರಡನೆಯದಕ್ಕೆ ಹೋದವರೂ ಅಷ್ಟೇ. ಎರಡೂ ಯುದ್ಧಗಳಲ್ಲಿ ಒಬ್ಬರನ್ನೂ ಕಳೆದುಕೊಳ್ಳದ ಊರುಗಳು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು. ಇಂಥವಕ್ಕೆ ಡಬ್ಲಿ ಥ್ಯಾಂಕ್‌ಫುಲ್ ವಿಲೇಜ್, ಅಂದರೆ ಎರಡು ಪಟ್ಟು ಕೃತಜ್ಞ ಹಳ್ಳಿ ಅನ್ನುತ್ತಾರೆ. ಇದನ್ನು ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎಷ್ಟು ತಾಯಂದಿರು ಬಾಗಿಲಲ್ಲಿ ಕಾದಿದ್ದರೋ" ಅಂದರು.

[ದೃಶ್ಯ: ಬೆಂಚಿನ ಮೇಲೆ ಬಿಚ್ಚಿಟ್ಟ ಬುತ್ತಿ.]

ಈಗ ಕೆಲಸದ ಮಾತು. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಮೊರ್ಟನ್-ಇನ್-ಮಾರ್ಷ್‌ಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಬೋರ್ಟನ್‌ಗೆ ಬಸ್ಸು. ಹಳ್ಳಿ ಬಸ್ಸುಗಳು ಆಗಾಗ ಬರುವುದಿಲ್ಲ, ವಾಪಸ್ ಬರುವ ಬಸ್ಸಿನ ಸಮಯವನ್ನು ಮೊದಲೇ ನೋಡಿಕೊಳ್ಳಿ. ಬುತ್ತಿ ಕಟ್ಟಿಕೊಂಡು ಹೋಗಿ, ನಮ್ಮದು ಚಿತ್ರಾನ್ನ. ಶೌಚಾಲಯಕ್ಕೆ ಬೋರ್ಟನ್‌ನಲ್ಲೇ ಹೋಗಿ ಹೊರಡಿ. ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕು ಇರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು, ಆಗ ಬೆಳಗ್ಗೆಯೇ ಹೊರಡಿ.

ಗೇಟು ಹೇಗಿತ್ತೋ ಹಾಗೇ ಬಿಡಿ. ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇರಲಿ. ದನಗಳಿದ್ದರೆ ದೂರದಿಂದ ಸುತ್ತಿ ಹೋಗಿ. ಹಸು ಮತ್ತು ಕರುವಿನ ಮಧ್ಯೆ ಯಾವತ್ತೂ ಹೋಗಬೇಡಿ. ದಾರಿ ಬದಿಯಲ್ಲಿ ನೆಟ್ಟಲ್ ಅನ್ನುವ ಗಿಡ ಇರುತ್ತದೆ, ನಮ್ಮ ತುರಚೆ ಗಿಡದ ಹಾಗೆ. ಹಾಗಾಗಿ ಬೇಸಿಗೆಯಲ್ಲೂ ಉದ್ದ ಪ್ಯಾಂಟು ಒಳ್ಳೆಯದು. ಎದುರಿಗೆ ಬಂದವರು "ಮಾರ್ನಿಂಗ್" ಅನ್ನುತ್ತಾರೆ. ನೀವೂ ಅನ್ನಿ. ವಾಪಸ್ ಬರುವಾಗ ಅಮ್ಮ ಎಲ್ಲರಿಗೂ ಹೇಳುತ್ತಲೇ ಬಂದರು, ಆಗ ಮಧ್ಯಾಹ್ನ ಮೂರು ಗಂಟೆ!

ಇಷ್ಟೂ ನಡೆಯಲು ಆಗುವುದಿಲ್ಲ ಅನ್ನುವವರಿಗೆ ಬೋರ್ಟನ್ ಅಂಚಿನಲ್ಲೇ ಗ್ರೇಸ್ಟೋನ್ಸ್ ಫಾರ್ಮ್ ಇದೆ. ವನ್ಯಜೀವಿ ಟ್ರಸ್ಟ್ ಒಂದು ನೋಡಿಕೊಳ್ಳುವ ಜಾಗ. ಏರಿಳಿತ ಕಡಿಮೆ. ಕಬ್ಬಿಣ ಯುಗದ ಜನ ಎರಡು ಸಾವಿರ ವರ್ಷಕ್ಕೂ ಹಿಂದೆ ಕಟ್ಟಿಕೊಂಡಿದ್ದ ನೆಲೆಯ ಮಣ್ಣಿನ ದಿಬ್ಬ ಅಲ್ಲಿ ಇನ್ನೂ ಕಾಣುತ್ತದೆ. ಅದರ ಬಗ್ಗೆ ಇನ್ನೊಂದು ವಿಡಿಯೋ ಮಾಡುತ್ತೇನೆ.

ಹೊರಡುವ ಮುಂಚೆ ಒಂದು ಪ್ರಶ್ನೆ. ಇದು ಅಮ್ಮ ಕೇಳಿ ಅಂದಿದ್ದು. ಅವರ ಊರಿನಲ್ಲಿ ತಡಮೆ ಅನ್ನುತ್ತಾರೆ. ನಿಮ್ಮ ಊರಿನಲ್ಲಿ ಅದಕ್ಕೆ ಏನು ಅನ್ನುತ್ತಾರೆ? ಕಾಮೆಂಟಿನಲ್ಲಿ ಊರಿನ ಹೆಸರಿನ ಜೊತೆ ಬರೆಯಿರಿ. ಅಮ್ಮ ಒಂದೊಂದನ್ನೂ ಓದುತ್ತಾರೆ.