‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಪಾಠ ಮಾಡೋದು ಹೇಗೆ? ಉತ್ತರ ಒಂದು ಜೊತೆ ಕೈಕೋಳದಲ್ಲಿದೆ

[ಪರದೆ ಕಪ್ಪು. ಚಮಚ, ತಟ್ಟೆಗಳ ಸದ್ದು.]

ಕ್ರಿಸ್‌ಮಸ್ ಊಟ ನಡೀತಾ ಇದೆ. ಮೇಜಿನ ಮೂಲೇಲಿ ಒಬ್ಬ ಪುಟ್ಟ ಹುಡುಗ, ಹೆಸರು ಪಿಪ್. ಅವತ್ತು ಬೆಳಗಿನ ಜಾವ ಅಕ್ಕನ ಉಗ್ರಾಣದಿಂದ ಒಂದು ಪೋರ್ಕ್ ಪೈ ಕದ್ದು, ತಪ್ಪಿಸಿಕೊಂಡು ಬಂದಿರೋ ಕೈದಿಗೆ ಕೊಟ್ಟು ಬಂದಿದಾನೆ. ಈಗ ಅಕ್ಕ ನೆಂಟರಿಗೆ ಬಡಿಸೋಕೆ ಅದೇ ಪೈ ತರ್ತೀನಿ ಅಂತ ಎದ್ದಳು. ಹುಡುಗ ಬಾಗಿಲ ಕಡೆ ಓಡಿದ. ಬಾಗಿಲಲ್ಲಿ ಬಂದೂಕು ಹಿಡಿದ ಸೈನಿಕರು. ಒಬ್ಬ ಕೈಕೋಳ ಮುಂದೆ ಚಾಚಿ, ಬೇಗ ಬಾ ಅಂತಿದಾನೆ.

[ಪರದೆ ಮೇಲೆ: ‘ಸಶೇಷ’]

ನಮಸ್ಕಾರ. ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿ ಬರೆದ ಡಿಕನ್ಸ್ ಅಲ್ಲಿ ‘ಸಶೇಷ’ ಅಂತ ಬರೀಲಿಲ್ಲ, ಆದರೆ ಆ ವಾರದ ಕಂತು ಮುಗಿದಿದ್ದು ಅಲ್ಲೇ. 1860ರ ಡಿಸೆಂಬರ್ 8, ಶನಿವಾರ. ಓದುಗರು ಡಿಸೆಂಬರ್ 15ರ ತನಕ ಕಾಯಬೇಕಾಯ್ತು. ಇವತ್ತು ಕ್ಲಾಸಲ್ಲಿ ಹುಡುಗರು ಎಷ್ಟು ಹೊತ್ತು ಕಾಯ್ತಾರೆ? ಪುಟ ತಿರುವೋ ಅಷ್ಟು ಹೊತ್ತು.

ನಮ್ಮ ಪ್ರಶ್ನೆ ಇದು: ಆಗ ವಾರಕ್ಕೆ ಲಕ್ಷ ಪ್ರತಿ ಆಸುಪಾಸು ಹೋಗ್ತಿದ್ದ ಕಥೆ, ಈಗ ಒಂಬತ್ತು-ಹತ್ತನೇ ತರಗತೀಲಿ ಆಕಳಿಕೆ ಯಾಕೆ ತರಿಸುತ್ತೆ? ಮತ್ತೆ, ಇಂಗ್ಲಿಷ್ ಮೇಷ್ಟ್ರು ಏನು ಮಾಡಬಹುದು?

ಬೇಸಿಕ್ಸ್ ಮೂವತ್ತು ಸೆಕೆಂಡಲ್ಲಿ ಮುಗಿಸಿಬಿಡ್ತೀವಿ. ಚಾರ್ಲ್ಸ್ ಡಿಕನ್ಸ್. ಅನಾಥ ಹುಡುಗ ಪಿಪ್. ಅವನನ್ನ ಸಾಕಿದ ಭಾವ ಜೋ, ಕಮ್ಮಾರ. ಯಾರೋ ಗುಟ್ಟಾಗಿ ದುಡ್ಡು ಕೊಡ್ತಾರೆ, ಪಿಪ್ ಲಂಡನ್ನಿಗೆ ಹೋಗಿ ‘ಜಂಟಲ್‌ಮನ್’ ಆಗ್ತಾನೆ, ಜೋನ ಕಂಡರೆ ನಾಚಿಕೆ ಪಡ್ತಾನೆ. 59 ಅಧ್ಯಾಯ, ಸುಮಾರು 1,85,000 ಪದ. ಅಮೆರಿಕದಲ್ಲಿ ಸಾಮಾನ್ಯವಾಗಿ ಒಂಬತ್ತನೇ ತರಗತೀಲಿ ಓದಿಸ್ತಾರೆ. ಇಂಗ್ಲೆಂಡಲ್ಲಿ ಹದಿನಾರರ ಆಸುಪಾಸಿನ ಮಕ್ಕಳು ಬರೆಯೋ ಜಿಸಿಎಸ್‌ಇ ಸಾಹಿತ್ಯ ಪರೀಕ್ಷೇಲಿ 19ನೇ ಶತಮಾನದ ಒಂದು ಕಾದಂಬರಿ ಕಡ್ಡಾಯ, ಆ ಪಟ್ಟೀಲಿ ಇದೂ ಇದೆ. ಪುಸ್ತಕ ಪರೀಕ್ಷಾ ಹಾಲ್ ಒಳಗೆ ಒಯ್ಯಂಗಿಲ್ಲ. ಆಯ್ತಾ? ಮುಂದೆ.

[ಪರದೆ ಮೇಲೆ: ದಪ್ಪ ಪುಸ್ತಕ, ಪಕ್ಕದಲ್ಲಿ ತೆಳು ವಾರಪತ್ರಿಕೆ]

ಇದು ಪುಸ್ತಕವಾಗಿ ಹುಟ್ಟಿದ್ದೇ ಅಲ್ಲ. ಡಿಕನ್ಸ್‌ದೇ ವಾರಪತ್ರಿಕೆ, ‘ಆಲ್ ದಿ ಇಯರ್ ರೌಂಡ್’, ಬೆಲೆ ಎರಡು ಪೆನ್ಸ್. ಅದರಲ್ಲಿ ಬರ್ತಿದ್ದ ಬೇರೊಬ್ಬರ ಧಾರಾವಾಹಿ ಕುಂಟ್ತಿತ್ತು, ಮಾರಾಟ ಇಳೀತಿತ್ತು. ಈ ಕಥೇನ ಡಿಕನ್ಸ್ ತಿಂಗಳ ಕಂತಲ್ಲಿ ನಿಧಾನಕ್ಕೆ ಬರೀಬೇಕು ಅಂದ್ಕೊಂಡಿದ್ರು. ಪತ್ರಿಕೆ ಉಳಿಸೋಕೆ ವಾರದ ಕಂತು ಮಾಡಿಬಿಟ್ರು. 1860ರ ಡಿಸೆಂಬರ್ 1ರಿಂದ 1861ರ ಆಗಸ್ಟ್ 3ರವರೆಗೆ, ಲೆಕ್ಕ ಹಾಕಿದ ಹಾಗೆ 36 ಕಂತು.

ಸುಧಾ, ತರಂಗದ ಧಾರಾವಾಹಿ ಕಂತುಗಳನ್ನ ಕತ್ತರಿಸಿ, ದಾರದಲ್ಲಿ ಹೊಲಿದು, ರಟ್ಟು ಹಾಕಿ ಇಟ್ಟುಕೊಳ್ತಿದ್ದ ಮನೆಯವರಿಗೆ ಇದನ್ನ ವಿವರಿಸಬೇಕಿಲ್ಲ. ಹಾಗೆ ಹೊಲಿದ ಪುಸ್ತಕಾನ ಒಂದೇ ಗುಕ್ಕಲ್ಲಿ ಓದಿದ್ರೆ ಏನೋ ಕೆಟ್ಟ ಹಾಗೆ ಅನ್ಸುತ್ತಲ್ಲ? ಹತ್ತು ಪುಟಕ್ಕೊಂದು ಸಲ ಯಾರೋ ಬಾಗಿಲು ಬಡೀತಾರೆ, ಯಾರಿಗೋ ಎದೆ ಧಸಕ್ ಅನ್ನುತ್ತೆ. ವಾರಕ್ಕೊಂದು ಸಲ ಆದ್ರೆ ರುಚಿ, ದಿನಕ್ಕೆ ಐದು ಸಲ ಆದ್ರೆ ತಲೆನೋವು. ಕ್ಲಾಸಲ್ಲಿ ಆಗ್ತಿರೋದು ಅದೇ: “ಸೋಮವಾರದೊಳಗೆ ಎಂಟು ಅಧ್ಯಾಯ ಓದ್ಕೊಂಡು ಬನ್ನಿ.”

ಈಗ ಗಣಿತ ನೋಡಿ, ನಮಗೆ ತುಂಬಾ ಇಷ್ಟ ಇದು. 1,85,000 ಭಾಗಿಸು 36, ಕಂತಿಗೆ ಸರಾಸರಿ 5,100 ಪದ. ನಿಮಿಷಕ್ಕೆ 150 ಪದದ ಹಾಗೆ ಗಟ್ಟಿಯಾಗಿ ಓದಿದರೆ 34 ನಿಮಿಷ. ಒಂದು ಪೀರಿಯಡ್ ಎಷ್ಟು? 40, 45 ನಿಮಿಷ. ಅಂದ್ರೆ ಒಂದು ಕಂತು ಒಂದು ಪೀರಿಯಡ್ಡಿಗೆ ಸರಿಯಾಗಿ ಕೂರುತ್ತೆ, ಹಾಜರಿ ಕರೆಯೋಕೂ ಟೈಮ್ ಉಳಿಯುತ್ತೆ!

ಹಾಗಂತ ಎಲ್ಲಾನೂ ಗಟ್ಟಿಯಾಗಿ ಓದೋಕಾಗಲ್ಲ. ಒಟ್ಟು ಇಪ್ಪತ್ತು ಗಂಟೆ ಬೇಕು. ಆರು ವಾರ, ವಾರಕ್ಕೆ ಐದು ಪೀರಿಯಡ್ ಅಂದ್ರೆ 30 ಪೀರಿಯಡ್ ಪೂರ್ತಿ ಓದೋದ್ರಲ್ಲೇ ಕರಗಿಹೋಗುತ್ತೆ. ಹಾಗಾಗಿ ಹೀಗೆ ಹಂಚಿ: 10 ಕಂತು ಕ್ಲಾಸಲ್ಲಿ ಗಟ್ಟಿಯಾಗಿ, 16 ಕಂತು ಮನೇಲಿ, ಉಳಿದ 10ಕ್ಕೆ ಮೇಷ್ಟ್ರೇ ಅರ್ಧ ಪುಟದ ಸಾರಾಂಶ ಕೊಡೋದು. ಮನೆಗೆ ವಾರಕ್ಕೆ ಮೂರು ಕಂತೂ ಬರಲ್ಲ. ಇಪ್ಪತ್ತು ಪೀರಿಯಡ್ ಮಾತಿಗೆ, ಬರವಣಿಗೆಗೆ ಉಳೀತು.

ಸಾರಾಂಶ ಕೊಡೋದು ಪಾಪ ಅಂತ ಕೆಲವರು ಅಂದ್ಕೋತಾರೆ. ಮೇಷ್ಟ್ರು ಕೊಡದೇ ಇದ್ರೆ ಇಂಟರ್ನೆಟ್ ಕೊಡುತ್ತೆ, 59 ಅಧ್ಯಾಯದ್ದೂ ಸೇರಿಸಿ. ಆಯ್ಕೆ ನಿಮ್ಮದು.

[ಪರದೆ ಮೇಲೆ: ಕೈಕೋಳದ ಚಿತ್ರ]

ಈಗ ಕೈಕೋಳ. ಎರಡನೇ ಕಂತು, 3 ಮತ್ತು 4ನೇ ಅಧ್ಯಾಯ. ನಾಲ್ಕನೇ ಅಧ್ಯಾಯದ ಕೊನೇ ವಾಕ್ಯ ಬೆಲ್‌ಗೆ ಐದು ನಿಮಿಷ ಮುಂಚೆ ಬರೋ ಹಾಗೆ ಓದಿ. ನಿಲ್ಲಿಸಿ. ವಿವರಣೆ ಬೇಡ. “ಸೈನಿಕರು ಯಾಕೆ ಬಂದ್ರು? ಮೂರು ಸಾಲು ಬರೀರಿ, ಇಲ್ಲೀವರೆಗೆ ಓದಿದ್ದರಲ್ಲಿ ಒಂದು ಸಾಕ್ಷಿ ಕೊಡಿ” ಅಂತ ಚೀಟಿ ತಗೊಳ್ಳಿ. ಮುಂದಿನ ಕಂತು ಮಾರನೇ ದಿನ ಬೇಡ, ಮುಂದಿನ ವಾರ. ನಡುವಿನ ನಾಲ್ಕು ಪೀರಿಯಡ್ ಮೊದಲ ಅಧ್ಯಾಯದ ಭಾಷೆಗೆ ಹಿಂದಿರುಗಿ.

ಸೈನಿಕರು ಯಾಕೆ ಬಂದಿದ್ರು ಗೊತ್ತಾ? ಕೋಳದ ಬೀಗ ಕೆಟ್ಟಿತ್ತು. ಜೋ ಕಮ್ಮಾರ ಅಲ್ವಾ, ರಿಪೇರಿಗೆ ಬಂದಿದ್ರು! ಒಂದಲ್ಲ, ಎರಡು ಗಂಟೆ ಹತ್ರ ಕೆಲಸ ಇದೆ ಅಂತ ಜೋ ಹೇಳ್ತಾನೆ. ಪಿಪ್‌ನ ಕೈಗೆ ಅಂತ ನಾವು ಅಂದ್ಕೊಂಡ ಕೋಳವನ್ನ ಅವನನ್ನ ಅತಿ ಹೆಚ್ಚು ಪ್ರೀತಿಸೋ ಮನುಷ್ಯನೇ ಸರಿ ಮಾಡ್ತಾನೆ, ಅದು ಹೋಗಿ ಬೀಳೋದು ಆ ಕೈದಿಯ ಕೈಗೆ. ಕಾದಂಬರಿ ಪೂರ್ತಿ ಇರೋ ಅಪರಾಧ, ಪ್ರೀತಿ, ಕಮ್ಮಾರಸಾಲೆ ಮೂರೂ ಈ ಒಂದು ಜೋಕಲ್ಲಿದೆ. ವಾರ ಕಾದು ಓದಿದವರು ಮೊದಲು ನಗ್ತಾರೆ, ಆಮೇಲೆ ಸುಮ್ಮನಾಗ್ತಾರೆ. ಪುಟ ತಿರುವಿ ಓದಿದವರು ಎರಡೂ ಮಾಡಲ್ಲ.

ಇಲ್ಲಿ ಕೆಡೋದು ಎರಡು ಕಡೆ. ಒಂದು, ಮೇಷ್ಟ್ರ ಬಾಯಿ. “ಏನೂ ಇಲ್ಲ ಕಣ್ರೋ, ರಿಪೇರಿಗೆ ಬಂದಿರ್ತಾರೆ” ಅಂದ್ಬಿಡ್ತಾರೆ. ಎರಡು, ಪುಸ್ತಕ ಕೈಲಿದ್ರೆ ಮುಂದೆ ಓದೇ ಓದ್ತಾರೆ. ಅದಕ್ಕೆ ಮೊದಲ ಐದಾರು ಕಂತು ಪುಸ್ತಕ ಕೊಡಬೇಡಿ, ಹಾಳೆ ಕೊಡಿ. ಕಾಪಿರೈಟ್ ಯಾವತ್ತೋ ಮುಗಿದಿದೆ, ಪ್ರಾಜೆಕ್ಟ್ ಗುಟನ್‌ಬರ್ಗ್ ಅನ್ನೋ ವೆಬ್‌ಸೈಟಲ್ಲಿ ಪೂರ್ತಿ ಪಠ್ಯ ಉಚಿತ. ಎರಡು ಕಾಲಂ, 10 ಪಾಯಿಂಟ್ ಅಕ್ಷರದಲ್ಲಿ ಒಂದು ಕಂತು ಆರೇಳು ಪುಟ. ಯಾವ ಕಂತು ಎಲ್ಲಿ ಮುಗೀತು ಅನ್ನೋದು ಟಿಪ್ಪಣಿ ಇರೋ ಒಳ್ಳೆ ಆವೃತ್ತಿಗಳ ಕೊನೇಲಿ ಸಿಗುತ್ತೆ. ಆದರೆ ಅವುಗಳ ಮುನ್ನುಡಿ ಮಾತ್ರ ಹುಡುಗರ ಕೈಗೆ ಸಿಗಬಾರದು! ದುಡ್ಡು ಕೊಟ್ಟಿದ್ದು ಯಾರು ಅಂತ ಅಲ್ಲೇ ಒದರಿಬಿಟ್ಟಿರ್ತಾರೆ. ಪಂಡಿತರಿಗೆ ಕಥೆ ಹಾಳಾಗುತ್ತೆ ಅನ್ನೋ ಭಯವೇ ಇಲ್ಲ.

ಒಂದು ಎಚ್ಚರಿಕೆ. ಈ ಮದ್ದು ಎಲ್ಲ ಕ್ಲಾಸಿಕ್‌ಗೂ ನಡೆಯಲ್ಲ. ಕೆಲವು ವರ್ಷ ಸಿಬಿಎಸ್‌ಇ ಹನ್ನೆರಡನೇ ತರಗತಿಗೆ ಜಾರ್ಜ್ ಎಲಿಯಟ್ ಅವರ ‘ಸೈಲಸ್ ಮಾರ್ನರ್’ ಇತ್ತಲ್ಲ, ಅದೂ 1861ರದ್ದೇ. ಆದರೆ ಅದು ಒಂದೇ ಸಲಕ್ಕೆ ಪುಸ್ತಕವಾಗಿ ಬಂದಿದ್ದು. ಅದನ್ನ ಕಂತು ಮಾಡಿದ್ರೆ ಇಡ್ಲಿ ಕತ್ತರಿಸಿ ದೋಸೆ ಅಂದ ಹಾಗೆ.

[ಪರದೆ ಮೇಲೆ: ‘ನೀನು’ / ‘ನೀವು’]

ಭಾಷೆಗೆ ಬರೋಣ. ಮೊದಲ ಅಧ್ಯಾಯದಲ್ಲಿ ಕೈದಿ ‘ವಿಟಲ್ಸ್’ ಅನ್ನೋ ಬದಲು ‘ವ’ವನ್ನ ತುಟಿ ದುಂಡಗೆ ಮಾಡಿ ಬೇರೆ ಥರ ಅಂತಾನೆ. ಊಟ ಅಂತ ಅರ್ಥ. ಕಣ್ಣಲ್ಲಿ ಓದಿದ್ರೆ ಯಾರಿಗೂ ತಿಳಿಯಲ್ಲ, ಗಟ್ಟಿಯಾಗಿ ಓದಿದ್ರೆ ತಿಳಿಯುತ್ತೆ. ‘ಹಾಲು’ ಅನ್ನೋದನ್ನ ‘ಆಲು’ ಅನ್ನೋರ ಜೊತೆ ಬೆಳೆದ ಮಕ್ಕಳಿಗೆ ಎರಡೇ ನಿಮಿಷದ ಕೆಲಸ. ಹಾಗೇ ಏಳನೇ ಅಧ್ಯಾಯದಲ್ಲಿ ಪಿಪ್ ಜೋಗೆ ಸ್ಲೇಟ್ ಮೇಲೆ ಪತ್ರ ಬರೀತಾನೆ. ‘ಯು’ ಒಂದೇ ಅಕ್ಷರ, ‘ಆರ್’ ಒಂದೇ ಅಕ್ಷರ, ‘ಫಾರ್’ ಬದಲು 4, ‘ಟು’ ಬದಲು 2. 1860ರಲ್ಲಿ ವಾಟ್ಸ್‌ಆ್ಯಪ್! ಆ ಪತ್ರ ಬೋರ್ಡ್ ಮೇಲೆ ಬರೆದು, ಹುಡುಗರಿಂದಲೇ ಬಿಡಿಸಿ. ‘ನಿನಗೂ ಕಲಿಸ್ತೀನಿ ಜೋ’ ಅಂತ ಅದರಲ್ಲಿ ಇರೋ ಮಾತು ಎತ್ತಿಟ್ಟುಕೊಳ್ಳಿ, ಕೊನೇಲಿ ಬೇಕು.

ಈಗ 27ನೇ ಅಧ್ಯಾಯ. ಇದನ್ನ ಯಾವ ಕಾರಣಕ್ಕೂ ಬಿಡಬೇಡಿ. ಜೋ ಲಂಡನ್ನಿಗೆ ಬರ್ತಾನೆ. ದುಡ್ಡು ಕೊಟ್ಟು ತಡೆಯೋ ಹಾಗಿದ್ರೆ ತಡೀತಿದ್ದೆ ಅಂತ ಪಿಪ್ ಒಪ್ಪಿಕೊಳ್ತಾನೆ. ಜೋ ಹ್ಯಾಟನ್ನ ಬೆಂಕಿಗೂಡಿನ ಮೇಲಂಚಿನಲ್ಲಿ ಇಡ್ತಾನೆ, ಅದು ಬೀಳ್ತಾನೇ ಇರುತ್ತೆ, ಜೋ ಹಾರಿ ಹಾರಿ ಹಿಡೀತಾನೆ. ಡಿಕನ್ಸ್ ಅದನ್ನ ವಿಕೆಟ್‌ಕೀಪಿಂಗ್‌ಗೆ ಹೋಲಿಸ್ತಾರೆ, ನಾವು ಸೇರಿಸಿದ್ದಲ್ಲ! ಆಮೇಲೆ ತಾನೇ ಎತ್ತಿ ಆಡಿಸಿದ ಹುಡುಗನನ್ನ ಜೋ ‘ಸರ್’ ಅಂತ ಕರೀತಾನೆ. ಇಂಗ್ಲಿಷ್‌ನಲ್ಲಿ ಆ ‘ಸರ್’ ಒಂದೇ ಸುಳಿವು, ಮಕ್ಕಳು ಗಮನಿಸದೆ ದಾಟಿಬಿಡ್ತಾರೆ. ಯಾಕಂದ್ರೆ ಅಲ್ಲಿ ‘ಯು’ ಎಲ್ಲರಿಗೂ ಒಂದೇ.

ಕನ್ನಡದ ಮಕ್ಕಳಿಗೆ ಇಲ್ಲಿ ಲಂಡನ್ ಮಕ್ಕಳಿಗೂ ಇಲ್ಲದ ಒಂದು ಉಪಕರಣ ಇದೆ. ಜೋನ ಮಾತುಗಳನ್ನಷ್ಟೇ ಕನ್ನಡ ಮಾಡಿಸಿ. ಪ್ರತಿ ‘ಯು’ಗೂ ‘ನೀನು’ ಹಾಕಬೇಕಾ, ‘ನೀವು’ ಹಾಕಬೇಕಾ ಅಂತ ತೀರ್ಮಾನ ಮಾಡ್ಲೇಬೇಕು, ತಪ್ಪಿಸಿಕೊಳ್ಳೋ ಹಾಗಿಲ್ಲ. ನಾಲ್ಕು ಜನರ ಗುಂಪು, 20 ನಿಮಿಷ, ಒಂದೂವರೆ ಪುಟ ಸಾಕು. “ಸರ್ ಅಂದಮೇಲೆ ನೀವು” ಅಂತ ಒಬ್ಬರು, “ಇಲ್ಲ, ಬಾಯ್ತಪ್ಪಿ ನೀನು ಬರುತ್ತೆ” ಅಂತ ಇನ್ನೊಬ್ಬರು ಜಗಳ ಶುರು ಮಾಡ್ತಾರೆ. ಹೊರಡೋ ಮುಂಚೆ ಜೋ ‘ಪಿಪ್, ಡಿಯರ್ ಓಲ್ಡ್ ಚಾಪ್’ ಅಂತ ಮಾತು ಶುರು ಮಾಡಿದಾಗ, ಎಲ್ಲ ಗುಂಪಿನ ಹಾಳೇಲೂ ‘ನೀನು’ ವಾಪಸ್ ಬಂದಿರುತ್ತೆ. ಯಾರೂ ಹೇಳಿಕೊಟ್ಟಿರಲ್ಲ. ಪರೀಕ್ಷೇಲಿ ಕೇಳೋ ‘ವರ್ಗಭೇದವನ್ನು ಲೇಖಕ ಹೇಗೆ ತೋರಿಸಿದ್ದಾನೆ’ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಆ ಹಾಳೇಲೇ ಇದೆ.

ಅದೇ ಅಧ್ಯಾಯದಲ್ಲಿ ಇನ್ನೊಂದು ಕೆಲಸ: ಎರಡು ಬಣ್ಣದ ಪೆನ್ಸಿಲ್. ಆಗಿನ ಪಿಪ್‌ಗೆ ಅನ್ನಿಸಿದ್ದಕ್ಕೆ ನೀಲಿ, ಎಷ್ಟೋ ವರ್ಷದ ಮೇಲೆ ಕಥೆ ಹೇಳ್ತಿರೋ ಪಿಪ್‌ನ ತೀರ್ಪಿಗೆ ಕೆಂಪು. ‘ತಪ್ಪೆಲ್ಲ ನನ್ನದೇ, ನಾನು ಸಲೀಸಾಗಿದ್ದಿದ್ರೆ ಅವನೂ ಸಲೀಸಾಗಿರ್ತಿದ್ದ’ ಅನ್ನೋ ಅರ್ಥದ ವಾಕ್ಯ ಬರುತ್ತೆ, ಅದು ಕೆಂಪು. ಈ ಪ್ರಶ್ನೆಗೆ ಆನ್‌ಲೈನ್ ಸಾರಾಂಶದಲ್ಲಿ ಉತ್ತರ ಸಿಗಲ್ಲ. ‘ಏನಾಯ್ತು’ ಅಂತ ಕೇಳೋ ಕ್ವಿಜ್‌ಗೆ ಸಿಗುತ್ತೆ, ಅದಕ್ಕೇ ಅಂಥ ಕ್ವಿಜ್ ದಂಡ.

[ಪರದೆ ಮೇಲೆ: ಗಡಿಯಾರ]

ಟೈಮ್ ಓಡ್ತಿದೆ, ಉಳಿದದ್ದು ಸರಸರ.

ಲಕೋಟೆ: 18ನೇ ಅಧ್ಯಾಯದಲ್ಲಿ ಲಾಯರ್ ಬಂದು ಪಿಪ್‌ಗೆ ಆಸ್ತಿ ಬರುತ್ತೆ ಅಂತಾನೆ, ಕೊಡೋರ ಹೆಸರು ಹೇಳಲ್ಲ. ಪ್ರತಿಯೊಬ್ಬರೂ ಹೆಸರು ಮತ್ತು ಎರಡು ಸಾಕ್ಷಿ ಬರೆದು ಅಂಟಿಸಲಿ. ತೆಗೆಯೋದು 39ನೇ ಅಧ್ಯಾಯಕ್ಕೆ, 24ನೇ ಕಂತು. ಹೆಚ್ಚಿನವರು ಪಿಪ್‌ನನ್ನ ಮನೆಗೆ ಕರೆಸಿಕೊಳ್ತಿದ್ದ ಶ್ರೀಮಂತೆ ಮಿಸ್ ಹ್ಯಾವಿಶಮ್ ಅಂತ ಬರೆದಿರ್ತಾರೆ, ಅದೇ ಲಾಯರನ್ನ ಅವಳ ಮನೇಲಿ ನೋಡಿದ್ರಲ್ಲ. ಹತ್ತನೇ ಅಧ್ಯಾಯದಲ್ಲಿ ಅಪರಿಚಿತನೊಬ್ಬ, ಪಿಪ್ ಕೈದಿಗೆ ಕದ್ದು ಕೊಟ್ಟಿದ್ದ ಅದೇ ಅರದಿಂದ ರಮ್ ಕಲಕಿದ್ದು ಯಾರಿಗಾದ್ರೂ ನೆನಪಿದ್ರೆ ಅವರಿಗೆ ಚಾಕೊಲೇಟ್ ಕೊಡಿ.

ಇತಿಹಾಸ: ವಿಕ್ಟೋರಿಯನ್ ಯುಗ ಅಂತ ಮೊದಲ ವಾರ ಪೂರ್ತಿ ಸ್ಲೈಡ್ ಹಾಕಬೇಡಿ. ಕಥೆ ಶುರುವಾಗೋದು 19ನೇ ಶತಮಾನದ ಆರಂಭದಲ್ಲಿ, ವಿಕ್ಟೋರಿಯಾ ಪಟ್ಟಕ್ಕೆ ಬರೋಕೂ ಮುಂಚೆ. ಬೇಕಾದಾಗ ಬೇಕಾದಷ್ಟು ಹೇಳಿ. ಜೀವನಪರ್ಯಂತ ಗಡೀಪಾರಾದವನು ಇಂಗ್ಲೆಂಡಿಗೆ ವಾಪಸ್ ಬಂದ್ರೆ ಗಲ್ಲು ಅನ್ನೋ ಒಂದು ಸಾಲು 39ಕ್ಕೆ ಮುಂಚೆ ಗೊತ್ತಿರಬೇಕು, ಇಲ್ಲಾಂದ್ರೆ ಮೂರನೇ ಭಾಗದ ಓಟ ಅರ್ಥವೇ ಆಗಲ್ಲ.

ಮೂರನೇ ಭಾಗದಲ್ಲಿ 49, 54, 56, 57, 59 ಓದಿ, ಉಳಿದದ್ದಕ್ಕೆ ಸಾರಾಂಶ. 57ರಲ್ಲಿ ಜೋ ಕಾಯಿಲೆ ಬಿದ್ದ ಪಿಪ್‌ನ ಆರೈಕೆ ಮಾಡ್ತಾನೆ. ‘ನೀನು-ನೀವು’ ಹಾಳೆ ಮತ್ತೆ ತೆಗೆಸಿ: ಪಿಪ್ ಚೇತರಿಸಿಕೊಂಡಷ್ಟೂ ‘ಸರ್’ ವಾಪಸ್ ಬರುತ್ತೆ. ಕೊನೆಗೆ ಜೋ ಒಂದು ಚೀಟಿ ಬರೆದಿಟ್ಟು ಹೋಗ್ತಾನೆ. ಓದು-ಬರಹ ಬಾರದ ಜೋ ಬರೆದ ಚೀಟಿ! ಕಲಿಸಿದ್ದು ಯಾರು? ಪಿಪ್ ಅಲ್ಲ, ಅವನ ಊರಿನ ಗೆಳತಿ ಬಿಡ್ಡಿ. ಸ್ಲೇಟ್ ಪತ್ರ ನೆನಪಿದೆಯಲ್ಲ, ಎರಡನ್ನೂ ಬೋರ್ಡ್ ಮೇಲೆ ಅಕ್ಕಪಕ್ಕ ಬರೀರಿ, ನೀವೇನೂ ಹೇಳಬೇಡಿ.

ಕೊನೇ ಪೀರಿಯಡ್‌ಗೆ ಎರಡು ಅಂತ್ಯ. ಡಿಕನ್ಸ್ ಮೊದಲು ಬರೆದದ್ದರಲ್ಲಿ, ಮಿಸ್ ಹ್ಯಾವಿಶಮ್ ಸಾಕಿದ, ಪಿಪ್ ಪ್ರೀತಿಸಿದ ಎಸ್ಟೆಲಾ ಒಬ್ಬ ಡಾಕ್ಟರನ್ನ ಮದುವೆಯಾಗಿದಾಳೆ, ಲಂಡನ್ ಬೀದೀಲಿ ಪಿಪ್ ಸಿಗ್ತಾನೆ, ಎರಡು ಮಾತು, ಅಷ್ಟೇ. ಬುಲ್ವರ್-ಲಿಟನ್ ಅನ್ನೋ ಕಾದಂಬರಿಕಾರ ಮಿತ್ರರು ಬದಲಾಯಿಸಿ ಅಂದ್ರು, ಅದಕ್ಕೆ ಇಬ್ಬರೂ ಮಿಸ್ ಹ್ಯಾವಿಶಮ್‌ಳ ಪಾಳುಬಿದ್ದ ಮನೆಯ ತೋಟದಲ್ಲಿ ಸೇರೋ ಹೊಸ ಅಂತ್ಯ ಅಚ್ಚಾಯ್ತು. ಹಳೇದು ಜನರಿಗೆ ಸಿಕ್ಕಿದ್ದು ಡಿಕನ್ಸ್ ತೀರಿಕೊಂಡ ಮೇಲೆ, 1874ರಲ್ಲಿ, ಅವರ ಗೆಳೆಯ ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೇಲಿ. ಅದು ಒಂದೇ ಪುಟ ಇದೆ, ಝೆರಾಕ್ಸ್ ಮಾಡಿಸಿ. ಹೊಸದನ್ನ ಓದಿದ ತಕ್ಷಣ ಒಂದು ಸಲ ಕೈ ಎತ್ತಿಸಿ, ಹಳೇದನ್ನ ಓದಿದ ಮೇಲೆ ಇನ್ನೊಂದು ಸಲ. ಎಣಿಸಿ ಬೋರ್ಡ್ ಮೇಲೆ ಬರೀರಿ.

ಇನ್ನೂ ಹತ್ತು ನಿಮಿಷ ಇದ್ರೆ: ಪತ್ರಿಕೇಲಿ ಬಂದ ಕೊನೇ ವಾಕ್ಯದಲ್ಲಿ ಪಿಪ್‌ಗೆ ಅವಳಿಂದ ಅಗಲಿಕೆಯ ನೆರಳು ಕಾಣಲಿಲ್ಲ. 1862ರ ಆವೃತ್ತೀಲಿ ಡಿಕನ್ಸ್ ಅದನ್ನ ‘ಇನ್ನೊಂದು ಅಗಲಿಕೆಯ ನೆರಳು ಕಾಣಲಿಲ್ಲ’ ಅಂತ ತಿದ್ದಿದ್ರು. ಆ ‘ಇನ್ನೊಂದು’ ಯಾಕೆ ಸೇರ್ತು ಅಂತ ಕೇಳಿ, ಡಸ್ಟರ್ ಕೆಳಗಿಟ್ಟು ಹಿಂದಿನ ಬೆಂಚಲ್ಲಿ ಹೋಗಿ ಕೂತ್ಕೊಳ್ಳಿ. ನಿಮ್ಮ ಓಟು ಯಾವ ಅಂತ್ಯಕ್ಕೆ, ಕಾಮೆಂಟಲ್ಲಿ ‘ತೋಟ’ ಅಥವಾ ‘ಡಾಕ್ಟರ್’ ಅಂತ ಬರೀರಿ.